ಅಚ್ಚಾದ ಆಧಾರ

ಚೆನ್ನೈನ ಕೀಲ್ಪಾಕ್‌ನಲ್ಲಿ ನಮ್ಮ ಎದುರು ಮನೆಯಲ್ಲಿ ಗಿಟಾರ್ ಮೇಷ್ಟ್ರೊಬ್ಬರಿದ್ದರು. ಬಾಗಿಲು ತಟ್ಟಿ "ಸರ್, ಇದ್ದೀರಾ?" ಎಂದರೆ, "ಇನ್ನೂ ಇದ್ದೀನಮ್ಮಾ" ಎಂದು ನಗುತ್ತಾ ತೆರೆಯುತ್ತಿದ್ದರು.

ಹರೆಯದಲ್ಲಿ ಅವರು ನುಡಿಸಿದ್ದ ರಾಕ್ ಆಲ್ಬಮ್ಮಿಗೆ ಅಂತರ್ಜಾಲದ ವಿಶ್ವಕೋಶದಲ್ಲಿ ಒಂದು ಪುಟವಿತ್ತು. ಹಳೇ ಪತ್ರಿಕೆಯೊಂದನ್ನು ನಂಬಿ, ಆ ಆಲ್ಬಮ್ಮಿನ ಗಿಟಾರ್ ವಾದಕ ತೀರಿಕೊಂಡರೆಂದು ಅಲ್ಲಿ ಯಾರೋ ಬರೆದಿದ್ದರು. ಮೇಷ್ಟ್ರು ದಿನಾ ಆ ಸಾಲನ್ನು ಅಳಿಸುತ್ತಿದ್ದರು. ಅಪರಿಚಿತರು ಮತ್ತೆ ಸೇರಿಸಿ, "ಬದುಕಿರುವುದಕ್ಕೆ ಅಚ್ಚಾದ ಆಧಾರ ಕೊಡಿ" ಎನ್ನುತ್ತಿದ್ದರು.

"ಅಯ್ಯೋ ಕಡವುಳೇ, ನಾನೇ ಹೇಳಿದ್ರೂ ಸಾಲದಂತೆ!" ಎಂದು ತಮಿಳಿನಲ್ಲಿ ದೇವರನ್ನು ಕರೆದು ಮೇಷ್ಟ್ರು, ವೈದ್ಯರಿಗೆ ನಾಡಿ ತೋರಿಸುವಂತೆ, ನನ್ನೆದುರು ಮಣಿಕಟ್ಟು ಚಾಚುತ್ತಿದ್ದರು.

ಒಂದು ಬೆಳಿಗ್ಗೆ ಸಾವಿನ ಸಾಲು ಮರಳಿತ್ತು. ಪುಟದ ತಿದ್ದುಪಡಿ ಪಟ್ಟಿ ನೋಡಿದರೆ, ಈ ಸಲ ಸೇರಿಸಿದ್ದು ಮೇಷ್ಟ್ರ ಖಾತೆಯಿಂದಲೇ.

ಹೋಗಿ ಬಾಗಿಲು ತಟ್ಟಿದೆ. "ಸರ್, ಇದ್ದೀರಾ?"

ಒಳಗಿನಿಂದ ಕೇಳುತ್ತಿದ್ದ ಗಿಟಾರ್ ನಾದ ನಿಂತಿತು. ನಾನು ಕಾದೆ. ಬಾಗಿಲು ತೆರೆಯಲಿಲ್ಲ, ಗಿಟಾರ್ ಮತ್ತೆ ಶುರುವಾಯಿತು.