ರಾಶಿಯ ಮುಂದೆ ಬಾಯಿಬಿಟ್ಟೆ

ಗೆದ್ದ! ನನ್ನ ಮೊಮ್ಮಗ ಮಲ್ಲೇಶ ಕಾಗದ ಮಾಡುವ ವಿದ್ಯೆಯಲ್ಲಿ ಡಾಕ್ಟರೇಟ್ ಪಡೆದ. ಅದೂ ನಮ್ಮ ಅಜ್ಜಂಪುರದ ಹೊಲದ ರಾಗಿ ಹುಲ್ಲಿನಿಂದ ಕಾಗದ ಮಾಡಿ! ಟೆಲಿಗ್ರಾಂ ಬಂದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಆದರೆ ಈ ಗೆಲುವಿನೊಳಗೆ ಒಂದು ವಿಚಿತ್ರವಿದೆ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಇಂಥದ್ದನ್ನೆಲ್ಲ ನಂಬಿದವಳಲ್ಲ. ದೂರದವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ, "ಕಿವಿಗೆ ಎಣ್ಣೆ ಬಿಟ್ಕೊಳ್ಳೇ" ಎಂದು ನಗುತ್ತಿದ್ದೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಮಲ್ಲೇಶ ಓದುತ್ತಿದ್ದದ್ದು ದೂರದ ಉತ್ತರದ ಊರಿನಲ್ಲಿ. ಹುಲ್ಲನ್ನು ಕಾಸ್ಟಿಕ್ ಸೋಡಾ ಹಾಕಿ ಬೇಯಿಸಿ, ತೊಳೆದು, ಆ ತಿರುಳನ್ನು ಹಾಳೆ ಮಾಡಬೇಕು. ಅವನ ಹಾಳೆಗಳೆಲ್ಲ ಹಪ್ಪಳದಂತೆ ಮುರಿಯುತ್ತಿದ್ದವು. ಹೋದ ದೀಪಾವಳಿಗೆ ಬಂದಾಗ ಅವನ ಮುಖದಲ್ಲಿ ಕಳೆಯೇ ಇರಲಿಲ್ಲ. ಪಕ್ಕದ ಮನೆ ಗಂಗಮ್ಮ ಬೇರೆ, "ಹುಲ್ಲು ಬೇಯ್ಸೋಕೆ ಅಷ್ಟು ದೂರ ಹೋಗ್ಬೇಕೇನೋ? ನಮ್ಮ ಎಮ್ಮೆನ ಕೇಳಿದ್ರೆ ಹೇಳ್ಕೊಡ್ತಿತ್ತಲ್ಲೋ!" ಎಂದು ಕಿಚಾಯಿಸಿದಳು.

"ಇನ್ನೊಂದೇ ಸಲ ಕಣಜ್ಜಿ. ಇದೂ ಕೆಟ್ರೆ ಓದು ಬಿಟ್ಟು ಬಂದ್ಬಿಡ್ತೀನಿ" ಎಂದವನು ಒಂದು ಮೂಟೆ ಹುಲ್ಲು ಹೊತ್ತು ಬೀರೂರಿನಲ್ಲಿ ರೈಲು ಹತ್ತಿದ.

ಸಂಕ್ರಾಂತಿಯ ಮಾರನೇ ದಿನ ಸಂಜೆ ಕಣದಲ್ಲಿ ರಾಗಿ ರಾಶಿ ಅಳೆಯುತ್ತಿದ್ದೆವು. ಆಗ ನಮ್ಮಲ್ಲಿ ಎಣಿಸುವವರ ಹೊರತು ಯಾರೂ ತುಟಿ ಬಿಚ್ಚುವುದಿಲ್ಲ. ಮಾತಾಡಿದರೆ ರಾಶಿಯ ಹುಲುಸು ಹೋಗುತ್ತದೆ. ನಮ್ಮ ಯಜಮಾನರು ಕೊಳಗ ತುಂಬಿ, ಒಂದು ಎನ್ನದೆ "ಲಾಭ" ಎಂದು ಮೊದಲನೆಯದನ್ನು ಸುರಿದರು. ನಾನು ಮೊರ ಹಿಡಿದು ನಿಂತಿದ್ದೆ. ಬೆನ್ನ ಹಿಂದೆಯೇ ಮಲ್ಲೇಶನ ದನಿ ಕೇಳಿಸಿತು: "ಅಜ್ಜಿ, ಚೆಲ್ಬಿಡ್ತೀನಿ."

"ಚೆಲ್ಬ್ಯಾಡ ಕಣೋ! ಹಂಗೇ ಇಕ್ಕು!" ಎಂದು ಕೂಗಿಬಿಟ್ಟೆ.

ತಿರುಗಿ ನೋಡಿದರೆ ಯಾರೂ ಇಲ್ಲ. ಬೇರೆ ಯಾರಿಗೂ ಏನೂ ಕೇಳಿಸಿರಲಿಲ್ಲ. "ರಾಶಿ ಮುಂದೆ ಬಾಯಿಬಿಟ್ಯಲ್ಲೇ, ನಿನಗೇನು ಬಂತೇ ರೋಗ!" ಎಂದು ಯಜಮಾನರು ಬೈದರು. ತಪ್ಪಾಯ್ತೆಂದು ರಾಶಿಗೆ ಕೈಮುಗಿದೆ.

ಟೆಲಿಗ್ರಾಮಿನ ಹಿಂದೆಯೇ ಬಂದ ಮಲ್ಲೇಶ ನನ್ನ ಕಾಲು ಮುಟ್ಟಿ ಹೇಳಿದ್ದು ಇದು. ಸಂಕ್ರಾಂತಿಯ ಮಾರನೇ ದಿನ ಸಂಜೆ, ಬೇಯಿಸಿದ ಕೊನೆಯ ತಿರುಳೂ ಕಪ್ಪಗೆ ಕಂಡಿತಂತೆ. ಕೆಟ್ಟಿತೆಂದುಕೊಂಡು ಬಕೆಟ್ಟನ್ನು ಮೋರಿಗೆ ಬಗ್ಗಿಸಿದ್ದನಂತೆ. "ಚೆಲ್ಬ್ಯಾಡ ಅಂತ ನೀನು ಹಿಂದೇನೇ ನಿಂತು ಬೈದಂಗಾಯ್ತು ಕಣಜ್ಜಿ. ಹಂಗೇ ಇಟ್ಟು ಹೋದೆ." ಬೆಳಿಗ್ಗೆವರೆಗೂ ನೀರಲ್ಲಿ ನೆಂದ ತಿರುಳನ್ನು ಮತ್ತೆ ತೊಳೆದು ಹಾಳೆ ಮಾಡಿದರೆ, ಎಳೆದರೂ ಹರಿಯಲಿಲ್ಲ! ಅದೇ ಅವನನ್ನು ಗೆಲ್ಲಿಸಿತು.

ಕಂಬಕ್ಕೆ ಒರಗಿದ್ದ ಯಜಮಾನರು ಹತ್ತಿರ ಬಂದು ಕೂತರು. ಕಣದಲ್ಲಿ ಆದದ್ದನ್ನು ಹೇಳಿ, "ನೀನು ನನ್ನ ಕೂಗಿದ್ಯೇನೋ?" ಎಂದು ಕೇಳಿದೆ.

"ಮನಸಲ್ಲೇ ಅಂದ್ಕೊಂಡೆ. ಬಾಯಿ ಬಿಡ್ಲಿಲ್ಲ ಅಜ್ಜಿ."

ಅದು ಹೇಗೆ ನನ್ನ ಕಿವಿಗೆ ಬಂತು, ನನ್ನ ಕೂಗು ಹೇಗೆ ಅಲ್ಲಿಗೆ ಹೋಯಿತು, ಅಷ್ಟು ಓದಿದ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆ ಸಂಜೆ ಹೋಳಿಗೆ ಮಾಡಿದೆವು. ನಮ್ಮ ಮನೆಯಲ್ಲಿ ಗಂಡಸರ ಊಟವಾದ ಮೇಲೆಯೇ ಹೆಂಗಸರದು. ಮಲ್ಲೇಶ ಒಪ್ಪಲಿಲ್ಲ, ನನ್ನನ್ನೂ ಅವನಮ್ಮನನ್ನೂ ಎಳೆದು ತಂದು ಪಂಕ್ತಿಯಲ್ಲಿ ಕೂರಿಸಿದ. "ಬಡಿಸೋರ್ಯಾರೋ ಮತ್ತೆ?" ಎಂದೆ. ಯಜಮಾನರು ಪಂಚೆ ಎತ್ತಿ ಕಟ್ಟಿ ಎದ್ದರು. ಮೊದಲ ಹೋಳಿಗೆಯನ್ನು ನನ್ನ ಎಲೆಗೇ ಹಾಕಿ, "ತುಪ್ಪ ಸಾಕೇನೇ?" ಎಂದು ಕೇಳಿ, ಎಲ್ಲರಿಗೂ ಬಡಿಸಿ, ತಾವೂ ನನ್ನ ಪಕ್ಕದಲ್ಲಿ ಎಲೆ ಹಾಸಿಕೊಂಡು ಕೂತರು.