ಚಾಚಾರ ಕಾರ್ಗೋ ಪೆಟ್ಟಿಗೆ

ಈ ಅರಬ್ ನಗರದ ಒಲಾಯಾ ಬಡಾವಣೆಯಲ್ಲಿ ನನ್ನ ಆಫೀಸಿನ ಕೆಳಗೆ, ಊರಿಗೆ ಸಾಮಾನು ಕಳಿಸುವ ಒಂದು ಕಾರ್ಗೋ ಅಂಗಡಿಯಿದೆ. ಅಲ್ಲಿ ಪೆಟ್ಟಿಗೆಗಳಿಗೆ ಟೇಪು ಚರ್ರನೆ ಎಳೆದಾಗಲೆಲ್ಲ ನಾನು ಬೆಳೆದ ಹಳೇ ಬಿಲ್ಡಿಂಗೂ, ಕೆಳಮನೆಯ ಕಾಶ್ಮೀರಿ ಚಾಚಾರ ಕೇಸರಿ ಕಾವಾ ಚಹಾದ ಪರಿಮಳವೂ ಮರಳಿ ಬರುತ್ತವೆ. ನೀವೂ ಇಂಥ ಒಬ್ಬರನ್ನು ಕಳೆದುಕೊಂಡಿರುತ್ತೀರಿ. ಚಾಚಾ ಊರಲ್ಲಿ ಪತ್ರಿಕೆ ನಡೆಸಿ, ಅದು ಮುಚ್ಚಿದ ಮೇಲೆ ಇಲ್ಲಿ ಕಂಪನಿಯೊಂದರಲ್ಲಿ ಅನುವಾದಕರಾಗಿದ್ದರು. ಉರ್ದುವಿನಲ್ಲಿ ಕವಿತೆ ಬರೆಯುತ್ತಿದ್ದರು. ಜೊತೆಗೆ ತಮ್ಮ ಕಣಿವೆಯ ಚರಿತ್ರೆಯನ್ನೂ. ರಾಜರನ್ನು ಬಿಟ್ಟು ದೋಣಿಯವರ, ಶಾಲು ನೇಯುವವರ ಚರಿತ್ರೆ. ಹಾಗೆ ಮೊದಲು ಯಾರೂ ಬರೆದಿರಲಿಲ್ಲವಂತೆ. ನಮ್ಮ ದೊಡ್ಡವರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು! ಹೊಸ ಕಾರು, ಊರಿನ ಸೈಟು ಬಿಟ್ಟರೆ ಬೇರೆ ಮಾತಿಲ್ಲದ ಜನ. 'ಕಾಗದ ಸಾಹೇಬ್ರು' ಎಂದು ನಗುತ್ತಿದ್ದರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಪ್ರತಿ ಶುಕ್ರವಾರ ನಾನು ಅವರ ಹಾಳೆಗಳನ್ನು ಜೋಡಿಸಿ, ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಪುಟಸಂಖ್ಯೆ ಹಾಕುತ್ತಿದ್ದೆ. ಅವರು ಆ ಪುಟದ ಕಥೆ ಹೇಳಿ, ಕೈತುಂಬ ಬಾದಾಮಿ ಕೊಡುತ್ತಿದ್ದರು.

ಕೆಲಸ ಮುಗಿದು ಚಾಚಾ ಊರಿಗೆ ಹೊರಟರು. ಹೋಗುವವರ ಪೆಟ್ಟಿಗೆಯನ್ನು ಬಿಲ್ಡಿಂಗಿನವರೇ ಕಟ್ಟಿಕೊಡುವುದು ನಮ್ಮಲ್ಲಿ ಪದ್ಧತಿ. ನನ್ನ ಬಾಪ ಅದರಲ್ಲಿ ದೊಡ್ಡ ಪಂಡಿತರು. ಚಾಚಾ ಪಾಸ್‌ಪೋರ್ಟಿಗೆಂದು ಅದನ್ನು ಇಟ್ಟುಕೊಂಡಿದ್ದ ಅರಬ್ ಮಾಲೀಕ, ಕಫೀಲನ ಬಳಿ ಹೋಗಿದ್ದಾಗ, ತೂಕ ಹೆಚ್ಚಾಯಿತೆಂದು ಬಾಪ ಹಾಳೆಗಳ ಕಟ್ಟನ್ನು ಹೊರಗೆಳೆದರು.

"ಇಷ್ಟು ಕಾಗದ ಎಂತಕ್ಕೆ ಮಾರಾಯ? ಎರಡು ಕಂಬಳಿ ಹಾಕಿದ್ರೆ ಮನೆಯವರಿಗಾದ್ರೂ ಖುಷಿ" ಎಂದು ಪಕ್ಕದವರಿಗೆ ಹೇಳಿ, ನನ್ನ ಕಡೆ ತಿರುಗಿದರು. "ಇದು ಬೇಕಾದದ್ದಾ? ನಿಂಗೆ ಗೊತ್ತುಂಟಾ?"

ನನ್ನನ್ನು ಬಿಟ್ಟು ಹೋಗುತ್ತಿದ್ದಾರಲ್ಲ ಎಂದು ಚಾಚಾರ ಮೇಲೆ ಅಂದು ನನಗೆ ಎಲ್ಲಿಲ್ಲದ ಸಿಟ್ಟು. "ಗೊತ್ತಿಲ್ಲ" ಎಂದೆ.

ಉರ್ದುವಿನದೂ ಅರಬ್ಬಿ ಅಕ್ಷರವೇ; ಅದು ಕಸಕ್ಕೆ ಬೀಳಬಾರದಲ್ಲ! ಉರ್ದು ಓದಲು ಬಾರದ ಬಾಪ ಆ ಹಾಳೆಗಳಿಗೆ ಮುತ್ತಿಟ್ಟು, ಕಣ್ಣಿಗೊತ್ತಿಕೊಂಡು, ಹರಿದ ಕುರ್‌ಆನ್ ಹಾಳೆಗಳನ್ನು ಗೌರವದಿಂದ ಸುಡಲೆಂದು ಇಡುವ ಮಸೀದಿಯ ಡಬ್ಬಿಗೆ ಹಾಕಿ ಬಂದರು. ಎಂಥ ಭಕ್ತಿ! ಅಕ್ಷರಕ್ಕೆ ಮುತ್ತು, ಬರೆದವನಿಗೆ ಮಣ್ಣು. ಊರಲ್ಲಿ ಪೆಟ್ಟಿಗೆ ಬಿಚ್ಚಿದ ಚಾಚಾ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನನ್ನ ಕಿತಾಬು?" ಬಾಪ, "ಕಂಬಳಿ ಚೆನ್ನಾಗಿದೆಯಾ?" ಎಂದರು.

ಕಳೆದ ತಿಂಗಳು ಚಾಚಾ ತೀರಿಕೊಂಡ ಸುದ್ದಿ ಬಂತು. ಬಾಪನ ಹಳೇ ಗೆಳೆಯರೆಲ್ಲ ನಮ್ಮ ಮನೆಯಲ್ಲಿ ಸೇರಿದರು. "ದೊಡ್ಡ ವಿದ್ವಾಂಸರು ಮಾರಾಯ. ಒಂದು ಪುಸ್ತಕ ಆದ್ರೂ ಬರೆದಿಟ್ಟು ಹೋಗ್ಬೇಕಿತ್ತು" ಎಂದರು ಬಾಪ. ಎಲ್ಲರೂ ತಲೆಯಾಡಿಸಿ ಸಮೋಸ ತಿಂದರು. ಥೂ! ಆದರೆ ಬಾಯಿ ಮುಚ್ಚಿಕೊಂಡು ಅವರಿಗೆ ಚಹಾ ಕೊಟ್ಟ ನಾನೇನು ಕಮ್ಮಿಯೇ? ಅವರಿಗೆ ಆ ಹಾಳೆಗಳನ್ನು ಓದಲು ಬರುತ್ತಿರಲಿಲ್ಲ; ಅವು ಏನೆಂದು ನನಗೆ ಗೊತ್ತಿತ್ತು. ಚಾಚಾರ ಒಂದು ಸಾಲೂ ಎಲ್ಲಿಯೂ ಉಳಿದಿಲ್ಲ. ಕೊನೆಯ ಪುಟ ಆರುನೂರ ಹನ್ನೆರಡು ಎಂಬುದು ಮಾತ್ರ ನೆನಪಿದೆ. ಆ ಅಂಕಿಯನ್ನು ಬರೆದವಳು ನಾನೇ.