ಶುಲ್ಕ ಮಾಫಿಗೆ ಹದಿನಾಲ್ಕು ತಿಂಗಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅಲ್ಲಿ ದುಡಿದವಳು. ಒಗೆದ ಹಾಸಿಗೆ ಬಟ್ಟೆಯನ್ನು ಎರಡು ಬಿಸಿ ಉರುಳೆಗಳ ನಡುವೆ ತೂರಿಸುವುದು, ಆಚೆಯಿಂದ ಗರಿಗರಿಯಾಗಿ ಬಂದದ್ದನ್ನು ಮಡಚಿ ಪೇರಿಸುವುದು ಅವಳ ಕೆಲಸ. ಕೈ ಸಿಕ್ಕದಂತೆ ಉರುಳೆಯ ಮುಂದೆ ಹಾಕಿದ್ದ ತಡೆಪಟ್ಟಿ ಮುರಿದು ವಾರವಾಗಿತ್ತು. ಮೇಲ್ವಿಚಾರಕನಿಗೆ ಎರಡು ಸಲ ಹೇಳಿದ್ದಳು. ಮೂರನೆಯ ಸಲ ಹೇಳುವ ಮೊದಲೇ ಬಟ್ಟೆಯ ಜೊತೆ ಬಲಗೈಯೂ ಒಳಗೆ ಹೋಯಿತು.

ಕೈ ಉಳಿಯಿತು. ಆದರೆ ನಾಲ್ಕು ಬೆರಳು ಮತ್ತೆ ಮಡಚಲಿಲ್ಲ. ಲಾಂಡ್ರಿಯ ಗುತ್ತಿಗೆ ಹಿಡಿದಿದ್ದ ಕಂಪನಿ ಎರಡು ತಿಂಗಳ ಸಂಬಳ ಕೊಡುತ್ತೇನೆಂದು, ತಪ್ಪೆಲ್ಲ ನನ್ನದೇ ಎಂಬ ಕಾಗದವೊಂದಕ್ಕೆ ಹೆಬ್ಬೆಟ್ಟು ಒತ್ತಲು ಹೇಳಿತು. ದೊಡ್ಡಕ್ಕನಿಗೆ ಓದಲು ಬರುತ್ತಿತ್ತು. ಎರಡು ಸಲ ಓದಿ, ಹಾಗೇ ವಾಪಸು ಕೊಟ್ಟಳು.

"ಸುಮ್ನೆ ಬಿಡ್ಬೇಡ, ಕೋರ್ಟಿಗೆ ಹಾಕು," ಎಂದವಳು ಅವಳ ಓರಗಿತ್ತಿ. ಗಂಡಂದಿರಿಬ್ಬರೂ ತೀರಿಕೊಂಡ ಮೇಲೆ ಈ ಇಬ್ಬರೂ ಒಂದೂವರೆ ಕೋಣೆಯ ಮನೆಯಲ್ಲಿ ಒಟ್ಟಿಗೇ ಇದ್ದರು. ಓರಗಿತ್ತಿ ವಯಸ್ಸಿನಲ್ಲಿ ಚಿಕ್ಕವಳು, ಒಂದು ಕಿವಿ ಮಂದ, ನಾಲಿಗೆ ಮಾತ್ರ ಎರಡಾಳಿನಷ್ಟು ಕೆಲಸ ಮಾಡುತ್ತಿತ್ತು.

ಬಡವರಿಗೆ ಸರ್ಕಾರ ಕೊಡಿಸುವ ವಕೀಲರ ಕಚೇರಿಯಲ್ಲಿ ಒಬ್ಬ ಚಿಕ್ಕ ಪ್ರಾಯದ ವಕೀಲೆ ಸಿಕ್ಕಳು. ಎಲ್ಲ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಹಾಕಿ ಹೇಳಿದಳು: "ಎಷ್ಟು ಪರಿಹಾರ ಕೇಳ್ತೀವೋ ಅದಕ್ಕೆ ತಕ್ಕ ಹಾಗೆ ಕೋರ್ಟಿಗೆ ಮೊದಲೇ ಶುಲ್ಕ ಕಟ್ಟಬೇಕಮ್ಮ."

"ಅಷ್ಟು ಇದ್ದಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ತಾಯಿ?"

"ಶುಲ್ಕ ಮಾಫಿ ಮಾಡಿ ಅಂತ ಅದನ್ನೇ ಅರ್ಜಿ ಬರೆದು ಕೊಡೋಣ. ಆದರೆ ಏನೂ ಇಲ್ಲ ಅನ್ನೋದನ್ನ ತೋರಿಸ್ಬೇಕಾಗುತ್ತೆ. ಇರೋದನ್ನ ತೋರಿಸೋದಕ್ಕಿಂತ ಅದೇ ಕಷ್ಟ."

ಮನೆಯಲ್ಲಿ ಅವಳದೆಂದು ಇದ್ದುದನ್ನೆಲ್ಲ ಪಟ್ಟಿ ಮಾಡಿದರು. ಕಬ್ಬಿಣದ ಮಂಚ ಒಂದು, ಹಾಸಿಗೆ ಎರಡು, ಸ್ಟವ್, ಪಾತ್ರೆ, ಗೋಡೆ ಗಡಿಯಾರ. "ಗಡಿಯಾರ ನಿಂತು ಹೋಗಿದೆ, ಅದನ್ನೂ ಬರೀಬೇಕಾ?" ಎಂದು ದೊಡ್ಡಕ್ಕ ಕೇಳಿದಳು. ಬರೆಯಬೇಕಂತೆ.

ಆಮೇಲೆ ತಾರೀಕುಗಳು ಶುರುವಾದವು. ಒಂದು ಸಲ ನ್ಯಾಯಾಧೀಶರು ರಜೆ. ಇನ್ನೊಂದು ಸಲ ಕಂಪನಿಯ ವಕೀಲರಿಗೆ ಜ್ವರ. ಮತ್ತೊಂದು ಸಲ ಕಡತವೇ ಪಕ್ಕದ ಕೋಣೆಗೆ ಹೋಗಿ ಕೂತಿತ್ತು. ಪ್ರತಿ ಸಲವೂ ಎರಡು ಬಸ್ಸು ಬದಲಿಸಿ ಬಂದು, ಹೊರಗಿನ ಬೆಂಚಿನ ಮೇಲೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಸಂಜೆಯವರೆಗೆ ಕೂರುವುದು, ಮುಂದಿನ ತಾರೀಕು ಬರೆಸಿಕೊಂಡು ಹೋಗುವುದು. ಉರುಳೆಯ ಮುಂದೆ ಹತ್ತು ಗಂಟೆ ನಿಂತರೂ ಇಷ್ಟು ಸುಸ್ತಾಗುತ್ತಿರಲಿಲ್ಲ.

ಆರನೆಯ ತಿಂಗಳು ತನಿಖೆಗೆಂದು ಕೋರ್ಟಿನ ಒಬ್ಬ ಗುಮಾಸ್ತ ಮನೆಗೆ ಬಂದ. ಮೂಲೆಯಲ್ಲಿದ್ದ ಫ್ರಿಜ್ಜನ್ನು ಕಂಡು ಅವನ ಹುಬ್ಬು ಮೇಲೇರಿತು. "ಇದು ಪಟ್ಟಿಯಲ್ಲಿ ಇಲ್ವಲ್ಲ?"

"ಅದು ನನ್ನದು, ಅವಳದಲ್ಲ," ಎಂದು ಓರಗಿತ್ತಿ ಎದ್ದೇ ಬಂದಳು. "ಬಾಗಿಲು ತೆಗೆದು ನೋಡಿ ಸಾರ್. ತಣ್ಣಗಿದ್ರೆ ನೀವೇ ಹೊತ್ಕೊಂಡು ಹೋಗಿ."

ಗುಮಾಸ್ತ ತೆಗೆದ. ಒಳಗೆ ಅಂಚಿಗೆ ಅಂಚು ಕೂಡಿಸಿ ಮಡಚಿಟ್ಟ ಬಟ್ಟೆಗಳಿದ್ದವು. ಫ್ರಿಜ್ಜು ಕೆಟ್ಟು ಒಂಬತ್ತು ವರ್ಷವಾಗಿತ್ತು, ಬೀರುವಿನ ಬದಲು ಅದೇ. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿ, ಏನೋ ಬರೆದುಕೊಂಡು, ಕುಡಿಯಲು ನೀರು ಕೇಳಿದ.

ಇದಾದ ಮೇಲೆ ಒಂದು ಭಾನುವಾರ ಲಾಂಡ್ರಿಯ ಇಬ್ಬರು ಹೆಂಗಸರು ಮನೆಗೆ ಬಂದು ದಪ್ಪನೆಯ ಲಕೋಟೆಯೊಂದನ್ನು ಅವಳ ಮಡಿಲಿಗೆ ಹಾಕಿದರು. "ಎಲ್ಲಾ ಸೇರಿ ಕೂಡಿಸಿದ್ದು ದೊಡ್ಡಕ್ಕ. ಆ ಶುಲ್ಕ ಕಟ್ಟಿ ಬಿಸಾಕು. ಎಷ್ಟು ದಿನ ಅಂತ ಅಲೀತೀಯ?"

ಅವಳು ಲಕೋಟೆಯನ್ನು ಸೆರಗಿನಲ್ಲಿ ಸುತ್ತಿಟ್ಟಳು. ಮಾರನೆಯ ದಿನ ವಕೀಲೆಯ ಮುಂದೆ ಲಕೋಟೆ ಇಟ್ಟಾಗ ಆ ಹುಡುಗಿ ಹಣೆ ಒತ್ತಿಕೊಂಡಳು. "ಇದು ಶುಲ್ಕದ ಅರ್ಧಕ್ಕೂ ಸಾಲಲ್ಲಮ್ಮ. ಆದರೆ ಇಟ್ಕೊಂಡ್ರೆ ಕೋರ್ಟಿಗೆ ಹೇಳಲೇಬೇಕು. ಆಗ ಏನೂ ಇಲ್ಲ ಅಂತ ಹೇಳೋ ಹಾಗೂ ಇರಲ್ಲ."

ಅಪಘಾತವಾದ ಮೇಲೆ ಮೊದಲ ಬಾರಿಗೆ ದೊಡ್ಡಕ್ಕ ಆ ನೆಲಮಾಳಿಗೆಯ ಮೆಟ್ಟಿಲು ಇಳಿದಳು. ಸೋಪಿನ ಹಬೆ ಮುಖಕ್ಕೆ ಹೊಡೆಯಿತು. ಉರುಳೆಗೆ ಹೊಸ ತಡೆಪಟ್ಟಿ ಬಂದಿತ್ತು, ಹಳದಿ ಬಣ್ಣದ್ದು. ಅವಳು ಅತ್ತ ನೋಡದೆ ಲಕೋಟೆಯನ್ನು ಮೇಜಿನ ಮೇಲಿಟ್ಟು ವಿಷಯ ಹೇಳಿದಳು. ಯಾರೂ ಹತ್ತಿರ ಬರಲಿಲ್ಲ.

"ನಮ್ಮ ದುಡ್ಡು ಕಮ್ಮಿ ಆಯ್ತು ಅಂತ ಹೇಳು, ಸಾಕು," ಎಂದಳು ಒಬ್ಬಳು, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ.

"ಹಾಗಲ್ಲ ಕಣೇ..." ಎಂದು ಆರಂಭಿಸಿ, ಅರ್ಧಕ್ಕೇ ಬಿಟ್ಟು, ದೊಡ್ಡಕ್ಕ ಮೆಟ್ಟಿಲು ಹತ್ತಿ ಬಂದುಬಿಟ್ಟಳು. ಆ ದಿನ ಮನೆಯಲ್ಲಿ ಅನ್ನ ಹಾಗೇ ಉಳಿಯಿತು.

ಕೊನೆಗೂ ವಿಚಾರಣೆ ನಡೆದಾಗ ಕಂಪನಿಯ ವಕೀಲರಿಗೆ ಲಕೋಟೆಯ ಸುದ್ದಿ ಹೇಗೋ ಮುಟ್ಟಿತ್ತು.

"ನಿಮಗೆ ಹಣ ಬಂದಿದ್ದು ನಿಜ ತಾನೆ?"

"ನಿಜ."

"ಎಲ್ಲಿದೆ?"

"ವಾಪಸು ಕೊಟ್ಟೆ."

"ನಿಜವಾಗಿ ಬಡವರಾದವರು ಬಂದ ಹಣ ವಾಪಸು ಕೊಡ್ತಾರೇನಮ್ಮ?"

ದೊಡ್ಡಕ್ಕ ವಕೀಲರತ್ತ ತಿರುಗಿದಳು. "ಅದರಲ್ಲಿ ಒಬ್ಬಳು ಮಗಳ ಶಾಲೆಗೆ ಅಂತ ಇಟ್ಟಿದ್ದು ಹಾಕಿದ್ಳು ಸ್ವಾಮಿ. ಅದನ್ನ ವಾಪಸು ಕೊಟ್ಟಿದ್ದಕ್ಕೆ ಅವರಿಂದ ಮಾತು ಕೇಳಿದ್ದೂ ಆಯ್ತು. ಇನ್ನೇನು ಬೇಕು ನಿಮಗೆ?"

ನ್ಯಾಯಾಧೀಶರು ಗುಮಾಸ್ತನ ವರದಿಯನ್ನು ತಿರುವಿ ಹಾಕಿ, ವಾದ ಸಾಕೆಂದು ಕೈ ತೋರಿಸಿದರು. ಮುಂದಿನ ತಾರೀಕಿಗೆ ಆದೇಶ ಬಂತು: ಶುಲ್ಕ ಮಾಫಿ. ಅರ್ಜಿ ಹಾಕಿ ಹದಿನಾಲ್ಕು ತಿಂಗಳಾಗಿತ್ತು.

ಹೊರಗೆ ಓರಗಿತ್ತಿ ಕೇಳುವ ಕಿವಿಯನ್ನು ಮುಂದೆ ಮಾಡಿ, "ಗೆದ್ವಾ?" ಎಂದಳು.

"ಇಲ್ಲ ಕಣೇ. ಈಗ ಕೇಸಿಗೆ ನಂಬರ್ ಕೊಟ್ರು."

"ಹಾಗಾದ್ರೆ ಇಷ್ಟು ದಿನ ಏನು ಮಾಡಿದ್ವಿ?"

ವಕೀಲೆ ನಕ್ಕಳು. ದೊಡ್ಡಕ್ಕನಿಗೆ ನಗುವಷ್ಟು ತ್ರಾಣವಿರಲಿಲ್ಲ.

ಕೇಸು ಇನ್ನೂ ಎರಡು ವರ್ಷ ಎಳೆಯಿತು. ಲಾಂಡ್ರಿಯಲ್ಲಿ ಅವತ್ತು ತಲೆ ಎತ್ತದೆ ಉತ್ತರಿಸಿ, ಆಮೇಲೆ ಅವಳನ್ನು ಮಾತನಾಡಿಸದೆ ಬಿಟ್ಟಿದ್ದ ಆ ಹೆಂಗಸೇ ಬಂದು, ತಡೆಪಟ್ಟಿ ಮುರಿದಿತ್ತೆಂದು ಸಾಕ್ಷಿ ಹೇಳಿದಳು. ಹೇಳಿ ಮುಗಿಸಿ, ದೊಡ್ಡಕ್ಕನ ಪಕ್ಕ ಬೆಂಚಿನ ಮೇಲೆ ಐದು ನಿಮಿಷ ಕೂತು, ಹೊತ್ತಾಯಿತೆಂದು ಎದ್ದು ಹೋದಳು. ತೀರ್ಪು ದೊಡ್ಡಕ್ಕನ ಪರವಾಗಿಯೇ ಬಂತು. ಕೇಳಿದ್ದಕ್ಕಿಂತ ಕಡಿಮೆ, ಕಂಪನಿ ಕೊಡುತ್ತೇನೆಂದಿದ್ದಕ್ಕಿಂತ ಎಷ್ಟೋ ಹೆಚ್ಚು. ಮಾಫಿಯಾಗಿದ್ದ ಶುಲ್ಕವನ್ನು ಈಗ ಆ ಹಣದಿಂದಲೇ ಮೊದಲು ಹಿಡಿದುಕೊಳ್ಳುತ್ತಾರೆಂದು ವಕೀಲೆ ಮುಜುಗರದಿಂದ ಹೇಳಿದಳು.

"ಹಿಡ್ಕೊಳ್ಳಲಿ ಬಿಡಿ," ಎಂದಳು ದೊಡ್ಡಕ್ಕ. "ಇನ್ನು ತಾರೀಕು ಇಲ್ಲ ತಾನೆ?"

"ಇಲ್ಲಮ್ಮ, ಮುಗೀತು."

ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟವಳು ಹಾಗೇ ನಿದ್ದೆ ಹೋದಳು. ಎಚ್ಚರವಾದಾಗ ಬಸ್ಸು ಅವಳ ನಿಲ್ದಾಣ ದಾಟಿ ಕೊನೆಯ ಸ್ಟಾಪಿಗೆ ಬಂದು ನಿಂತಿತ್ತು. ಯಾರನ್ನೂ ಬೈಯದೆ ಇಳಿದು, ಬಿಸಿಲಿನಲ್ಲಿ ನಿಧಾನವಾಗಿ ಹಿಂದಕ್ಕೆ ನಡೆದಳು.